ಕೆಲಸ ಕೊಟ್ಟಿದ್ದಾರೆ, ಬಡ್ತಿ ಅಂದ ಕೂಡಲೇ ನನ್ನ ಕಿವಿ ನೆನಪಾಗುತ್ತದೆ

ಲೆಕ್ಕದ ಹುಡುಗಿ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಯ್ತು, ಬೇಜಾರು ಮಾಡ್ಕೋಬೇಡಿ.

ನಾನು ರಿಪ್ಪನ್‌ಪೇಟೆ ಕಡೆಯವಳು. ಈಗ ವಿನೋಬನಗರದಲ್ಲಿ ರೂಮು ಮಾಡಿಕೊಂಡು, ಊರ ಹೊರಗಿನ ಒಂದು ಕಾರ್ಖಾನೆಯ ಅಕೌಂಟ್ಸ್‌ನಲ್ಲಿ ಕೆಲಸ ಮಾಡುತ್ತಿದ್ದೇನೆ. ಚಿಕ್ಕಂದಿನಿಂದ ಎರಡೂ ಕಿವಿ ಮಂದ. ಮಿಷನ್ ಹಾಕುತ್ತೇನೆ. ಎದುರಿಗೆ ಕೂತು ಮಾತಾಡಿದರೆ ತೊಂದರೆ ಇಲ್ಲ, ತುಟಿ ನೋಡಿಯೇ ಅರ್ಧ ಗೊತ್ತಾಗುತ್ತದೆ. ಫೋನ್ ಮಾತ್ರ ಕಷ್ಟ. ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಇದೆ, ಹಳದಿ ಪಟ್ಟಿಯದ್ದು.

ಬಿಕಾಂ ಮುಗಿಸಿ ಸೇರಿದ ಸೀಟಿನಲ್ಲೇ ಇವತ್ತಿಗೂ ಇದ್ದೇನೆ. ಬಿಲ್ ತಾಳೆ ನೋಡೋದು, ಟ್ಯಾಲಿ ಎಂಟ್ರಿ, ರಿಟರ್ನ್ ಎಲ್ಲ ನಾನೇ. ಕಳೆದ ಏಪ್ರಿಲ್‌ನಲ್ಲಿ ಸೀನಿಯರ್ ಅಕೌಂಟೆಂಟ್ ಕೆಲಸ ಬಿಟ್ಟರು. ಆ ಜಾಗ ನನಗೇ ಅಂತ ಟೀ ತರುವ ಹುಡುಗ ಸಹ ಹೇಳುತ್ತಿದ್ದ. ಸಿಕ್ಕಿದ್ದು ಪಕ್ಕದ ಸೀಟಿನವನಿಗೆ. ಅವನಿಗೆ ಡೆಬಿಟ್ ನೋಟ್ ಹಾಕೋದು ಕಲಿಸಿದ್ದು ನಾನು. ಹುಡುಗ ಒಳ್ಳೆಯವನು, ಅವನ ಮೇಲೆ ಸಿಟ್ಟಿಲ್ಲ. ಮ್ಯಾನೇಜರ್ ಕರೆದು ಹೇಳಿದ್ದು ಇಷ್ಟು: "ಆ ಸೀಟಲ್ಲಿ ಬ್ಯಾಂಕು, ಆಡಿಟರ್, ಪಾರ್ಟಿ ಅಂತ ದಿನವಿಡೀ ಫೋನಮ್ಮ. ನಿನಗೆ ಸುಮ್ನೆ ಯಾಕೆ ತಲೆನೋವು? ಇಲ್ಲೇ ಆರಾಮಾಗಿರು." ಬೈದಿದ್ದರೆ ಜಗಳ ಆಡಬಹುದಿತ್ತು. ಇಷ್ಟು ಪ್ರೀತಿಯಿಂದ ಹೇಳಿದರೆ ಎಂತ ಉತ್ತರ ಕೊಡೋದು?

ಇನ್ನೊಂದು ವಿಷಯ. ನಮ್ಮ ಮೀಟಿಂಗ್ ಕೋಣೆಗೆ ಶೀಟಿನ ಮಾಡು. ಜೂನ್ ಬಂತೆಂದರೆ ಮಳೆ ಯಾವುದು ಮಾತು ಯಾವುದು ಅಂತ ಮಿಷನ್‌ಗೆ ಗೊತ್ತಾಗೋದಿಲ್ಲ, ಎರಡನ್ನೂ ಒಟ್ಟಿಗೆ ದೊಡ್ಡದು ಮಾಡಿ ಕಿವಿಗೆ ಸುರಿಯುತ್ತದೆ. ತುಟಿ ನೋಡೋಣ ಅಂದರೆ ಮ್ಯಾನೇಜರ್ ಬಾಯಲ್ಲಿ ಸದಾ ಎಲೆಅಡಿಕೆ. ಸುಮ್ಮನೆ ತಲೆ ಆಡಿಸುತ್ತಾ ಕೂರುತ್ತೇನೆ. "ಇವಳು ಮೀಟಿಂಗಲ್ಲಿ ಬಾಯೇ ಬಿಡಲ್ಲ" ಅಂತ ಅದೂ ಒಂದು ದೂರು.

ಅಪ್ಪ ಹೇಳೋದು, ಕೆಲಸ ಕೊಟ್ಟಿದ್ದೇ ದೊಡ್ಡದು, ಬಾಯಿ ಮುಚ್ಕೊಂಡು ಇರು ಅಂತ. ಖಾಸಗಿ ಕಂಪನಿಯಲ್ಲಿ ನಮ್ಮಂಥವರಿಗೆ ಬಡ್ತಿ ವಿಷಯದಲ್ಲಿ ಕಾನೂನು ಏನಾದರೂ ಇದೆಯಾ? ಕೇಳುವುದಾದರೆ ಹೇಗೆ ಕೇಳಬೇಕು? ಅಥವಾ ಗಂಟುಮೂಟೆ ಕಟ್ಟಿ ಬೆಂಗಳೂರಿಗೆ ಹೋಗೋದೇ ವಾಸಿಯಾ?

ಕೆಎ-14

ಅಕ್ಕಾ, ಪ್ರೈವೇಟಲ್ಲಿ ಯಾಕೆ ಒದ್ದಾಡ್ತೀರಿ, ಸರ್ಕಾರಿ ಕೆಲಸಕ್ಕೆ ಪರೀಕ್ಷೆ ಬರೆಯಿರಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದ ಮೇಲೆ ಮೀಸಲಾತಿ ಶೇ. 3ರಿಂದ 4ಕ್ಕೆ ಏರಿದೆ, ಅದರಲ್ಲಿ ಶೇ. 1 ಕಿವಿ ಕೇಳದವರಿಗೇ ಅಂತ ಬೇರೆ ಇದೆ. ಕೇಂದ್ರದ ಹುದ್ದೆಗಳಿಗೆ ವಯಸ್ಸಲ್ಲೂ 10 ವರ್ಷ ಸಡಿಲಿಕೆ ಇದೆ. ಜೈಲ್ ರೋಡ್ ಕಡೆ ಯಾವುದಾದರೂ ಕೋಚಿಂಗ್ ಸೇರಿಕೊಳ್ಳಿ. ಒಂದು ಸಲ ಒಳಗೆ ಹೋದರೆ ಲೈಫ್ ಸೆಟ್ಲ್.

ಸಾಗರದ ಬ್ಯಾಂಕಿನವ

ತಮ್ಮಾ ಕೆಎ-14, ಒಳಗೆ ಹೋದವನು ನಾನು. ಸೆಟ್ಲ್ ಅಂದರೆ ಏನು ಅಂತ ಹೇಳುತ್ತೇನೆ ಕೇಳು.

ನನಗೆ ಕಣ್ಣು ಕಾಣುವುದಿಲ್ಲ. ಮೀಸಲಾತಿಯಲ್ಲೇ ಬ್ಯಾಂಕ್ ಸೇರಿದ್ದು. ಸೇರಿದ ಹೊಸದರಲ್ಲಿ ನನ್ನನ್ನು ಟೆಲಿಫೋನ್ ಬೋರ್ಡಿನ ಎದುರು ಕೂರಿಸಿದರು, ಯಾಕೆಂದರೆ ಕಣ್ಣಿಲ್ಲದವರನ್ನು ಅಲ್ಲಿ ಕೂರಿಸುವುದು ಮೊದಲಿನಿಂದ ಬಂದ ಪದ್ಧತಿ. ಸಂಬಳ ಸರಿಯಾಗಿ ಬರುತ್ತಿತ್ತು. ಕೆಲಸ ಮಾತ್ರ ಇರಲಿಲ್ಲ. ಎಲ್ಲರೂ ತುಂಬ ಒಳ್ಳೆಯವರು, ಕಾಫಿ ಕೈಗೇ ತಂದು ಕೊಡುತ್ತಿದ್ದರು. ಸಾಲದ ಫೈಲ್ ಮಾತ್ರ ಯಾರೂ ಕೊಡುತ್ತಿರಲಿಲ್ಲ. ನಾಲ್ಕು ಜನ ಕಲಿತು ಮುಂದೆ ಹೋಗುವ ಕೆಲಸ ಯಾವುದೋ ಅದು ನಮ್ಮ ಟೇಬಲ್ಲಿಗೆ ಬರದ ಮೇಲೆ ಬಡ್ತಿ ಪರೀಕ್ಷೆಯಲ್ಲಿ ಏನು ಬರೆಯೋದು? ಸರ್ಕಾರಿ ಆಗಲಿ ಖಾಸಗಿ ಆಗಲಿ, ನೇಮಕಾತಿ ತನಕ ದಾರಿ ಇದೆ, ಆಮೇಲೆ ಅಲ್ಲೇ ಗೂಟ.

ನಾನು ಆ ಬೋರ್ಡಿನಿಂದ ಎದ್ದಿದ್ದು ಎನ್‌ವಿಡಿಎ ದೆಸೆಯಿಂದ. ಪರದೆ ಮೇಲೆ ಇರೋದನ್ನು ಓದಿ ಹೇಳುವ ಸಾಫ್ಟ್‌ವೇರ್ ಅದು. 2006ರಲ್ಲಿ ಆಸ್ಟ್ರೇಲಿಯಾದ ಇಬ್ಬರು ಅಂಧ ಗೆಳೆಯರು ಶುರು ಮಾಡಿದ್ದು, ಇವತ್ತಿಗೂ ಪುಕ್ಕಟೆ, ಕನ್ನಡವನ್ನೂ ಓದುತ್ತದೆ (ಉಚ್ಚಾರ ಸ್ವಲ್ಪ ರೋಬೋಟ್ ತರಹ, ಅಭ್ಯಾಸ ಆಗುತ್ತದೆ). ಹೆಡ್ ಆಫೀಸಿನ ಸುತ್ತೋಲೆಯನ್ನು ಯಾರಾದರೂ ಮೊಬೈಲಲ್ಲಿ ಫೋಟೋ ಹೊಡೆದು ಪಿಡಿಎಫ್ ಮಾಡಿ ಕಳಿಸಿದರೆ ಮಾತ್ರ ಅದು ಉಸಿರೇ ಬಿಡೋದಿಲ್ಲ. ಅದಕ್ಕೆ "ಮೂಲ ಫೈಲ್ ಕಳಿಸಿ" ಅಂತ ಪ್ರತಿ ಸಲ ಬರೆಯುತ್ತೇನೆ. ಬರೆದು ಬರೆದು ಈಗ ಅವರಿಗೇ ರೂಢಿ ಆಗಿದೆ. ಈಗ ಸಾಲದ ವಿಭಾಗದಲ್ಲಿದ್ದೇನೆ.

ತಂಗೀ, ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಸರ್ಕಾರಿ ಸಂಸ್ಥೆ ಆಗಿದ್ದರೆ ಕಾಯ್ದೆಯ 20ನೇ ಕಲಂ ನೇರವಾಗಿ ಹೇಳುತ್ತದೆ, ಅಂಗವಿಕಲತೆ ಒಂದೇ ಕಾರಣಕ್ಕೆ ಬಡ್ತಿ ತಪ್ಪಿಸುವ ಹಾಗಿಲ್ಲ ಅಂತ. 2021ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಕೇರಳದ ಲೀಸಮ್ಮ ಜೋಸೆಫ್ ಪ್ರಕರಣದಲ್ಲಿ ಬಡ್ತಿಯಲ್ಲೂ ಮೀಸಲಾತಿ ಸಿಗಬೇಕು ಎಂದು ಹೇಳಿತು. ಆಕೆ ಪೊಲೀಸ್ ಇಲಾಖೆಯಲ್ಲಿ ಟೈಪಿಸ್ಟ್, ಕೆಲಸ ಸಿಕ್ಕಿದ್ದು ಅನುಕಂಪದ ಆಧಾರದ ಮೇಲೆ, ಅಂಗವಿಕಲರ ಕೋಟಾದಲ್ಲಿ ಅಲ್ಲ. ಆದರೂ ಆಕೆಗೆ ಹಕ್ಕಿದೆ ಎಂದಿತು ಕೋರ್ಟು. ಖಾಸಗಿಯವರಿಗೆ ಈ 20ನೇ ಕಲಂ ಹಾಗೇ ಹೊಂದುವುದಿಲ್ಲ. ನಿಮಗೆ ಬೇಕಾಗಿರೋದು 21ನೇ ಕಲಂ. ಅದನ್ನು ಎಚ್ಆರ್‌ನವರು ಯಾರಾದರೂ ಇದ್ದರೆ ಚೆನ್ನಾಗಿ ಹೇಳುತ್ತಾರೆ.

ಒಂದು ಮಾತು ನಾನೇ ಹೇಳುತ್ತೇನೆ. "ಬ್ಯಾಂಕಿಗೆ ದಿನವಿಡೀ ಫೋನ್" ಅಂದರಲ್ಲ ನಿಮ್ಮ ಮ್ಯಾನೇಜರ್, ನಾನು ಫೋನಿನ ಈ ಕಡೆ ಕೂತವನು. ಸಿಸಿ (ಕ್ಯಾಶ್ ಕ್ರೆಡಿಟ್ ಸಾಲದ) ಅಕೌಂಟಿನ ಸ್ಟಾಕ್ ಸ್ಟೇಟ್‌ಮೆಂಟ್ ಮೇಲ್‌ನಲ್ಲಿ ಬರುತ್ತದೆ. ಬ್ಯಾಲೆನ್ಸ್ ಕನ್ಫರ್ಮೇಶನ್ ಆಡಿಟರ್‌ಗೆ ಬರವಣಿಗೆಯಲ್ಲೇ ಬೇಕು. ಲಿಮಿಟ್ ಹೆಚ್ಚಿಸಲು ಪತ್ರ ಬೇಕು. ಫೋನಲ್ಲಿ ಹೇಳಿದ ಯಾವುದನ್ನೂ ನಾವು ಫೈಲಿಗೆ ಹಾಕೋದಿಲ್ಲ. ಒಂದು ವಾರ ಆ ಸೀಟಿಗೆ ಬರುವ ಕರೆಗಳನ್ನು ಬರೆದಿಡಿ, ಯಾರು, ಯಾಕೆ, ಮೇಲ್‌ನಲ್ಲಿ ಆಗುತ್ತಿತ್ತಾ ಇಲ್ಲವಾ ಅಂತ. ಆ ಹಾಳೆ ಇಟ್ಟುಕೊಂಡು ಮಾತಾಡಿ.

ಎಚ್ಆರ್ ಕುರ್ಚಿಯಿಂದ

ಭದ್ರಾವತಿ ಕಡೆ ಒಂದು ಕಾರ್ಖಾನೆಯಲ್ಲಿ ಎಚ್ಆರ್ ನೋಡಿಕೊಳ್ಳುತ್ತೇನೆ. ಕಂಪನಿ ಕಡೆಯವನು ಅಂತ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೈಯಬೇಡಿ.

ಖಾಸಗಿಯವರಿಗೆ ಮೀಸಲಾತಿ ಕಡ್ಡಾಯ ಇಲ್ಲ. 35ನೇ ಕಲಂನಲ್ಲಿ ಶೇ. 5ರಷ್ಟು ಜನರನ್ನು ತೆಗೆದುಕೊಳ್ಳಲು ಸರ್ಕಾರ ಪ್ರೋತ್ಸಾಹ ಕೊಡಬೇಕು ಅಂತ ಇದೆ, ಅಷ್ಟೇ. ಆದರೆ ಭೇದ ಮಾಡಬಾರದು ಅನ್ನೋದು ಎಲ್ಲರಿಗೂ ಅನ್ವಯ. 21ನೇ ಕಲಂ ಪ್ರಕಾರ ಪ್ರತಿ ಸಂಸ್ಥೆಯೂ ಸಮಾನ ಅವಕಾಶ ನೀತಿ ಅಂತ ಒಂದು ದಾಖಲೆ ಮಾಡಿ ಪ್ರಕಟಿಸಬೇಕು, ಅದರ ಪ್ರತಿಯನ್ನು ಅಂಗವಿಕಲರ ಆಯುಕ್ತರ ಕಚೇರಿಗೆ ಕೊಡಬೇಕು. 20 ಅಥವಾ ಹೆಚ್ಚು ಜನ ಕೆಲಸ ಮಾಡುವ ಖಾಸಗಿ ಸಂಸ್ಥೆ ಆದರೆ ಆ ನೀತಿಯಲ್ಲಿ ಏನೇನು ಇರಬೇಕು ಅಂತ 2017ರ ಕೇಂದ್ರ ನಿಯಮದಲ್ಲಿ ಪಟ್ಟಿಯೇ ಇದೆ. ಯಾವ ಹುದ್ದೆಗಳು ಹೊಂದುತ್ತವೆ, ಯಾವ ಸಲಕರಣೆ ಕೊಡುತ್ತೀರಿ, ಯಾರನ್ನು ಸಂಪರ್ಕ ಅಧಿಕಾರಿ ಮಾಡಿದ್ದೀರಿ, ಹೀಗೆ. ಅದೇ ಪಟ್ಟಿಯಲ್ಲಿ ಬಡ್ತಿಗೆ ಮುಂಚಿನ ತರಬೇತಿ ಅಂತಲೂ ಇದೆ ನೋಡಿ. ನಿಮ್ಮ ಕೇಸಿಗೆ ಅದೇ ಹಿಡಿ.

ನಿಜ ಹೇಳಬೇಕಾದರೆ ನಮ್ಮ ಜಿಲ್ಲೆಯಲ್ಲಿ ಆ ನೀತಿಯನ್ನು ಕಣ್ಣಲ್ಲಿ ನೋಡಿದ ಮ್ಯಾನೇಜರ್‌ಗಳು ಕಡಿಮೆ. ಎಲ್ಲೋ ಇಂಟರ್ನೆಟ್ಟಿಂದ ಇಳಿಸಿ ಹೆಸರು ಬದಲಾಯಿಸಿ ಫೈಲಲ್ಲಿ ಹಾಕಿರುತ್ತಾರೆ. ಅದನ್ನು ಕೇಳಿ. "ನಮ್ಮ ಕಂಪನಿಯ ಸಮಾನ ಅವಕಾಶ ನೀತಿಯ ಪ್ರತಿ ಬೇಕು" ಅಂತ ಎಚ್ಆರ್‌ಗೆ ಎರಡು ಸಾಲಿನ ಮೇಲ್. ಅದರಲ್ಲಿ ಜಗಳ ಇಲ್ಲ, ದೂರು ಇಲ್ಲ. ಆದರೆ ಓದಿದವನಿಗೆ ಅರ್ಥ ಆಗುತ್ತದೆ.

ಬ್ಯಾಂಕಿನ ಸರ್ ಹೇಳಿದ ಕರೆಗಳ ಪಟ್ಟಿ ತುಂಬ ಒಳ್ಳೆಯದು. ನಾನು ಇನ್ನೊಂದು ಸೇರಿಸುತ್ತೇನೆ. ವರ್ಷಕ್ಕೊಮ್ಮೆ ಅಪ್ರೈಸಲ್ ಫಾರಂ ತುಂಬುತ್ತಾರಲ್ಲ, ಅದರಲ್ಲಿ ಕಮ್ಯುನಿಕೇಶನ್ ಅಂತ ಒಂದು ಕಾಲಂ ಇರುತ್ತದೆ. ನಿಮ್ಮಂಥವರಿಗೆ ಎಲ್ಲ ಕಾಲಂನಲ್ಲಿ 5ಕ್ಕೆ 4 ಕೊಟ್ಟು, ಇಲ್ಲಿ ಮಾತ್ರ 2 ಹಾಕಿಬಿಡುತ್ತಾರೆ. ಕೆಟ್ಟ ಮನಸ್ಸಿನಿಂದ ಅಲ್ಲ, ಮೀಟಿಂಗಲ್ಲಿ ಮಾತಾಡಲಿಲ್ಲ ಅಂತ. ಬಡ್ತಿ ನಿಲ್ಲೋದು ಅಲ್ಲಿ. ಮೇಲಿನವರು ನಿಮ್ಮನ್ನು ನೋಡಿರೋದಿಲ್ಲ, ಆ 2 ನೋಡಿರುತ್ತಾರೆ. ಹಾಗಾಗಿ ಶೀಟಿನ ಮಾಡಿನ ವಿಷಯ ಸಣ್ಣದು ಅಂದ್ಕೋಬೇಡಿ. ಮಳೆಗಾಲದಲ್ಲಿ ಮೀಟಿಂಗ್ ಆರ್‌ಸಿಸಿ ಕೋಣೆಯಲ್ಲಿ ಮಾಡಿ, ಮುಂಚಿನ ದಿನ ವಿಷಯಗಳ ಪಟ್ಟಿ ಮೇಲ್ ಮಾಡಿ ಅಂತ ಬರವಣಿಗೆಯಲ್ಲಿ ಕೇಳಿ. ಎರಡಕ್ಕೂ ಕಂಪನಿಗೆ ನಯಾಪೈಸೆ ಖರ್ಚಿಲ್ಲ. ಎಲೆಅಡಿಕೆ ವಿಷಯ ಬರೆಯಬೇಡಿ, ಅದು ಮಲೆನಾಡಲ್ಲಿ ಆಗುವ ಹೋಗುವ ಮಾತಲ್ಲ!

ವಕೀಲರ ನೋಟಿಸು ಗೀಟಿಸು ಈಗಲೇ ಬೇಡ. ಒಂದೇ ಅಕೌಂಟ್ಸ್ ವಿಭಾಗ, ಅದೇ ಮ್ಯಾನೇಜರ್ ಎದುರು ನಾಳೆಯೂ ಕೂರಬೇಕು. ಮೂರು ತಿಂಗಳು ಆ ಕೆಲಸದಲ್ಲಿ ನನ್ನನ್ನು ನೋಡಿ, ಆಮೇಲೆ ತೀರ್ಮಾನ ಮಾಡಿ ಅಂತ ಕೇಳಿ.

ಸಾಗರದ ಬ್ಯಾಂಕಿನವ

ಎಚ್ಆರ್ ಸಾಹೇಬ್ರೆ, ಉಳಿದಿದ್ದೆಲ್ಲ ಒಪ್ಪಿದೆ. ಮೂರು ತಿಂಗಳು ನೋಡಿ ಅನ್ನೋದು ಮಾತ್ರ ನನಗೆ ಸರಿ ಬರಲಿಲ್ಲ. ಪಕ್ಕದ ಸೀಟಿನ ಹುಡುಗನಿಗೆ ಪರೀಕ್ಷೆ ಇಟ್ಟಿದ್ದರಾ? ಇವಳಿಗೆ ಯಾಕೆ?

ಎಚ್ಆರ್ ಕುರ್ಚಿಯಿಂದ

ನ್ಯಾಯ ಕೇಳಿದರೆ ನೀವು ಹೇಳೋದೇ ಸರಿ ಸರ್. ಆದರೆ ಮ್ಯಾನೇಜರ್‌ಗಳಿಗೆ ಇರೋದು ಭಯ. ಏನಾದರೂ ಎಡವಟ್ಟಾದರೆ ತನ್ನ ತಲೆಗೆ ಬರುತ್ತದೆ ಅಂತ. ಮೂರು ತಿಂಗಳು ಅಂದರೆ ಅವನಿಗೆ ಒಪ್ಪಲು ಒಂದು ನೆಪ ಸಿಗುತ್ತದೆ. ಪ್ರೊಬೇಷನ್ ಎಲ್ಲರಿಗೂ ಇದ್ದರೆ ಅದೇ ಹೆಸರಲ್ಲಿ ಕೇಳಲಿ, ಬೇರೆ ನಿಯಮ ಬೇಡ.

ತೀರ್ಥಹಳ್ಳಿ ಗಾಲಿ

ಬೆಂಗಳೂರಿನ ಬಗ್ಗೆ ಕೇಳಿದ್ದೀರಲ್ಲ ಅಕ್ಕ. ನಾನು ಗಾಲಿಕುರ್ಚಿಯವನು, ಅಲ್ಲಿ ಕೆಲಸ ಮಾಡಿ ವಾಪಸ್ ಬಂದಿದ್ದೇನೆ, ಈಗ ಮನೆಯಿಂದಲೇ ಕೆಲಸ.

ಕಲಿಯೋಕೆ ಬೆಂಗಳೂರು ಒಳ್ಳೆಯದು. ನಮ್ಮಂಥವರಿಗಾಗಿ ಕೆಲಸ ಮಾಡುವ ಸಂಸ್ಥೆಗಳು, ಎಪಿಡಿ 1959ರಿಂದ ಇದೆ, ಎನೇಬಲ್ ಇಂಡಿಯಾ, ಸಮರ್ಥನಂ ಎಲ್ಲ ಅಲ್ಲೇ. ತರಬೇತಿ ಕೊಡುತ್ತಾರೆ, ಕಂಪನಿಗಳ ಜತೆ ಮಾತಾಡುತ್ತಾರೆ. ದೊಡ್ಡ ಕಂಪನಿಗಳಲ್ಲಿ ರ‍್ಯಾಂಪು, ಲಿಫ್ಟು, ಬೇಕಾದ ಶೌಚಾಲಯ ಎಲ್ಲ ಕೇಳದೆಯೇ ಇರುತ್ತದೆ. ಇಲ್ಲಿ ನಾನು ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಸಂದರ್ಶನಕ್ಕೆ ಹೋಗಬೇಕಾದರೆ ಖಾಸಗಿ ಬಸ್ಸಿನ ಮೆಟ್ಟಿಲಿಗೆ ನನ್ನನ್ನು ಇಬ್ಬರು ಎತ್ತಿ ಹಾಕಬೇಕು, ಕುರ್ಚಿ ಟಾಪಿಗೆ ಹೋಗಬೇಕು, ಕಂಡಕ್ಟರ್ "ಬೇಗ ಬೇಗ" ಅನ್ನಬೇಕು. ಸರ್ಕಾರಿ ಬಸ್ಸಿನ ರಿಯಾಯಿತಿ ಪಾಸ್ ಇದೆ ಅಂತಾರೆ, ನಮ್ಮ ರೂಟಲ್ಲಿ ಓಡೋದು ಜಾಸ್ತಿ ಖಾಸಗಿಯವೇ, ಆ ಪಾಸ್ ಇಟ್ಟುಕೊಂಡು ಎಂತ ಮಾಡೋದು ಮಾರಾಯ್ರೆ.

ಆದರೆ ಅಲ್ಲಿ ಬಾಡಿಗೆ, ಓಡಾಟ, ಊಟ ಎಲ್ಲ ಕಳೆದರೆ ಕೈಲಿ ಉಳಿಯೋದು ಅಷ್ಟಕ್ಕಷ್ಟೇ. ಮತ್ತೆ ಅಲ್ಲಿಯೂ "ನಮ್ಮಲ್ಲಿ ಇಷ್ಟು ಜನ ವಿಶೇಷ ಚೇತನರಿದ್ದಾರೆ" ಅಂತ ಡಿಸೆಂಬರ್ 3ಕ್ಕೆ, ಅಂಗವಿಕಲರ ದಿನಕ್ಕೆ, ಫೋಟೋ ತೆಗೆಸಿ ಹಾಕುತ್ತಾರೆ. ಆ ಫೋಟೋದಲ್ಲಿ ಇರುವವರಲ್ಲಿ ಟೀಂ ಲೀಡರ್ ಎಷ್ಟು ಜನ ಅಂತ ಕೇಳಿದರೆ ಮಾತು ಬದಲಾಯಿಸುತ್ತಾರೆ. ನನ್ನ ಕೇಳಿದರೆ ಮೊದಲು ಇಲ್ಲಿ ಕೇಳಿ ನೋಡಿ. ಆಗದಿದ್ದರೆ ಹೋಗಿ. ಸಿಟ್ಟಲ್ಲಿ ಹೋಗಬೇಡಿ, ಅಲ್ಲಿ ಕೆಲಸ ಗಟ್ಟಿ ಮಾಡಿಕೊಂಡು ಹೋಗಿ.

ಹೊಸನಗರದ ಅಮ್ಮ

ನನ್ನ ಮಗನಿಗೂ ಮಿಷನ್ ಇದೆ, ಅದಕ್ಕೆ ಬರೆಯುತ್ತಿದ್ದೇನೆ. ಮಳೆಗಾಲದಲ್ಲಿ ಥಂಡಿ ಒಳಗೆ ಸೇರಿ ಮಿಷನ್ ಕರಕರ ಅನ್ನುತ್ತದೆ, ಬಂದ್ ಆಗುತ್ತದೆ. ರಾತ್ರಿ ಬ್ಯಾಟರಿ ತೆಗೆದು, ಅದರ ಬಾಗಿಲು ತೆರೆದಿಟ್ಟು, ಸಿಲಿಕಾ ಜೆಲ್ ಇರುವ ಗಾಳಿಯಾಡದ ಡಬ್ಬಿಯಲ್ಲಿ ಇಡು ಮಗಳೆ. ಜೆಲ್ ಬಣ್ಣ ಬದಲಾದರೆ ಬೇರೆ ಹಾಕು. ಒಲೆ ಹತ್ತಿರ, ಬಿಸಿಲಲ್ಲಿ ಒಣಗಿಸಬೇಡ. ಬ್ಯಾಟರಿ ಮೇಲಿನ ಸ್ಟಿಕ್ಕರ್ ಕಿತ್ತ ಮೇಲೆ ಒಂದು ನಿಮಿಷ ಬಿಟ್ಟು ಹಾಕು, ಅದು ಗಾಳಿ ತಗೊಂಡು ಕೆಲಸ ಮಾಡೋದು.

ಮತ್ತೆ ಫೋನಲ್ಲಿ ಲೈವ್ ಟ್ರಾನ್ಸ್‌ಕ್ರೈಬ್ ಅಂತ ಇದೆಯಲ್ಲ, ಮಾತಾಡಿದ್ದು ಅಕ್ಷರ ಆಗಿ ಬರೋದು, ಕನ್ನಡದಲ್ಲೂ ಬರುತ್ತದೆ. ನನ್ನ ಮಗ ಕ್ಲಾಸಲ್ಲಿ ಬಳಸುತ್ತಾನೆ.

ಲೆಕ್ಕದ ಹುಡುಗಿ, ಶಿವಮೊಗ್ಗ

ಎಲ್ಲರಿಗೂ ಥ್ಯಾಂಕ್ಸ್. ಅಮ್ಮಾ, ಡಬ್ಬಿ ತಂದೆ. ಟ್ರಾನ್ಸ್‌ಕ್ರೈಬ್ ಸಹ ಹಾಕಿದೆ. ಮಳೆ ಇಲ್ಲದಾಗ ಚೆನ್ನಾಗಿ ಬರುತ್ತದೆ. ನಮ್ಮವರ ಅರ್ಧ ಕನ್ನಡ ಅರ್ಧ ಇಂಗ್ಲಿಷ್ ಮಾತಿಗೆ ಮಾತ್ರ ತಬ್ಬಿಬ್ಬಾಗುತ್ತದೆ, ಪಾರ್ಟಿ ಹೆಸರುಗಳನ್ನಂತೂ ಏನೇನೋ ಮಾಡುತ್ತದೆ. ಆದರೂ ಏನು ವಿಷಯ ನಡೀತಿದೆ ಅಂತ ಗೊತ್ತಾದರೆ ಸಾಕು, ಅಂಕಿ ನನ್ನ ತಲೆಯಲ್ಲಿ ಇರುತ್ತದೆ.

ಕರೆಗಳ ಪಟ್ಟಿ ಮಾಡಿದೆ. ಪಕ್ಕದ ಸೀಟಿನವನೇ ಬರೆದುಕೊಟ್ಟ, ಅವನಿಗೂ ಆ ಫೋನ್ ಸಾಕಾಗಿದೆ ಪಾಪ. ಬ್ಯಾಂಕಿನ ಅಣ್ಣ ಹೇಳಿದ್ದು ನಿಜ. ಜಾಸ್ತಿ ಕರೆಗಳು "ಮೇಲ್ ಹಾಕಿದ್ದೇನೆ, ನೋಡಿದ್ರಾ?" ಅನ್ನೋವು! ಪಾರ್ಟಿಗಳು ಪೇಮೆಂಟ್ ಯಾವಾಗ ಅಂತ ಕೇಳೋದು ಉಳಿದವು, ಅದು ವಾಟ್ಸಾಪಲ್ಲಿ ಆಗುತ್ತದೆ. ನಿಜವಾಗಿ ಮಾತಾಡಲೇಬೇಕಾದದ್ದು ಆಡಿಟರ್ ಜತೆ, ಅವರು ಹೇಗೂ ಆಫೀಸಿಗೆ ಬರುತ್ತಾರೆ, ಎದುರು ಕೂರುತ್ತಾರೆ.

ಎಚ್ಆರ್ ಸರ್, ನೀತಿಯ ಪ್ರತಿ ಕೇಳಿ ಮೇಲ್ ಹಾಕಿದೆ. ಎರಡು ದಿನ ಉತ್ತರ ಇಲ್ಲ, ಆಮೇಲೆ ನಮ್ಮ ಎಚ್ಆರ್ ಮೇಡಂ ಖುದ್ದಾಗಿ ನನ್ನ ಟೇಬಲ್ ಹತ್ತಿರ ಬಂದು "ಯಾಕೆ ಬೇಕಿತ್ತು?" ಅಂತ ಕೇಳಿದರು. ಓದೋಕೆ ಅಂದೆ. ಅಪ್ರೈಸಲ್ ಸಹ ನೋಡಿದೆ. ನೀವು ಹೇಳಿದ ಕಾಲಂ ಇದೆ, 2 ಅಲ್ಲ, 1 ಕೊಟ್ಟಿದ್ದಾರೆ.

ಪತ್ರ ಬರೆದಿದ್ದೇನೆ, ಮುಖ್ಯ ಭಾಗ ಹೀಗಿದೆ: "ಸೀನಿಯರ್ ಅಕೌಂಟೆಂಟ್ ಹುದ್ದೆಯ ಕೆಲಸಗಳ ಪಟ್ಟಿ ಲಗತ್ತಿಸಿದ್ದೇನೆ. ಇವುಗಳಲ್ಲಿ ಫೋನ್ ಕರೆ ಬಿಟ್ಟು ಉಳಿದವನ್ನು ಈಗಲೂ ಮಾಡುತ್ತಿದ್ದೇನೆ. ಕರೆಗಳ ಬದಲು ಮೇಲ್ ಮತ್ತು ವಾಟ್ಸಾಪ್ ಬಳಸಲು, ತುರ್ತು ಕರೆ ಬಂದರೆ ಸಹೋದ್ಯೋಗಿ ತೆಗೆದುಕೊಳ್ಳಲು ಅವಕಾಶ ಕೊಡಬೇಕು. ಮಳೆಗಾಲದ ಮೀಟಿಂಗ್ ಮೇಲಿನ ಮಹಡಿಯ ಕೋಣೆಯಲ್ಲಿ ಇಡಬೇಕು. ವಿಭಾಗದ ಮುಂದಿನ ಸೀನಿಯರ್ ಹುದ್ದೆಗೆ ನನ್ನನ್ನು ಪರಿಗಣಿಸಬೇಕು, ಎಲ್ಲರಿಗೂ ಇರುವ ಪ್ರೊಬೇಷನ್ ನನಗೂ ಇರಲಿ." ಸರಿ ಇದೆಯಾ?

ಸಾಗರದ ಬ್ಯಾಂಕಿನವ

ಲಾಯಕ್ಕಾಗಿದೆ. ಒಂದು ಪ್ರತಿಗೆ ಸೀಲು ಹಾಕಿಸಿಕೊಂಡು ಇಟ್ಟುಕೊಳ್ಳಿ. ಉತ್ತರವೇ ಬರದಿದ್ದರೆ ಬೆಂಗಳೂರಲ್ಲಿ ರಾಜ್ಯ ಆಯುಕ್ತರಿಗೆ ದೂರು ಕೊಡಬಹುದು. ಅವರು ಮಾಡೋದು ಶಿಫಾರಸು, ಕೋರ್ಟಿನ ಆದೇಶದ ಹಾಗೆ ಅಲ್ಲ, ಆದರೆ ಅಲ್ಲಿಂದ ಕಾಗದ ಬಂದರೆ ಆಫೀಸುಗಳು ಎದ್ದು ಕೂರುತ್ತವೆ.

ಎಚ್ಆರ್ ಕುರ್ಚಿಯಿಂದ

ಎಲ್ಲ ಸರಿ, ಸಂಬಳದ ಸಾಲು ಎಲ್ಲಿ? "ಮುಂದಿನ ಹುದ್ದೆ" ಅಂತ ಬರೆದರೆ ಆ ಹುದ್ದೆ ಯಾವಾಗ ಖಾಲಿ ಆಗಬೇಕು? ಈಗ ಮಾಡುತ್ತಿರುವ ಕೆಲಸವೇ ಸೀನಿಯರ್ ಕೆಲಸ ಅಂತ ನೀವೇ ಪಟ್ಟಿ ಕೊಟ್ಟಿದ್ದೀರಿ, ಹಾಗಾದರೆ ಗ್ರೇಡು ಮತ್ತು ಸಂಬಳ ಈ ವರ್ಷದ ಪರಿಷ್ಕರಣೆಯಲ್ಲೇ ಸರಿ ಮಾಡಿ ಅಂತ ಕೇಳಿ. ಇಎಸ್‌ಐ (ನೌಕರರ ಆರೋಗ್ಯ ವಿಮೆ) ಹೋಗಿಬಿಡುತ್ತದೆ ಅಂತ ಹೆದರಬೇಡಿ. ಉಳಿದವರಿಗೆ ತಿಂಗಳಿಗೆ 21,000 ಸಂಬಳದ ಮಿತಿ, ಅಂಗವಿಕಲರಿಗೆ 25,000 ತನಕ ಇದೆ. ಎಷ್ಟೋ ಕಡೆ ಪೇರೋಲ್ ಮಾಡುವವರಿಗೇ ಇದು ಗೊತ್ತಿರೋದಿಲ್ಲ, 21 ದಾಟಿದ ಕೂಡಲೇ ತೆಗೆದುಬಿಡುತ್ತಾರೆ. ಪತ್ರ ಮ್ಯಾನೇಜರ್ ಹೆಸರಿಗೆ ಇರಲಿ, ಎಚ್ಆರ್ ಮೇಡಂಗೆ ಪ್ರತಿ ಹಾಕಿ.

ಲೆಕ್ಕದ ಹುಡುಗಿ, ಶಿವಮೊಗ್ಗ

ಸಂಬಳದ ಸಾಲು ಸೇರಿಸಿದೆ, ಬರೆಯುವಾಗ ಕೈ ನಡುಗಿದ್ದು ಬೇರೆ ವಿಷಯ. ನಾಳೆ 20, ಜಿಎಸ್‌ಟಿ 3ಬಿ ರಿಟರ್ನ್ ಹಾಕಲು ಕೊನೆ ದಿನ, ಯಾರಿಗೂ ತಲೆ ಎತ್ತೋಕೆ ಪುರುಸೊತ್ತಿಲ್ಲ. 21ಕ್ಕೆ ಕೊಡುತ್ತೇನೆ.